ಸೆಂಟ್ರಿಂಗ್ ಕಲ್ಲೇಶನ ಸೆಟ್

ಕಲ್ಲೇಶನಿಗೆ ಚೆನ್ನಾಗಿ ಬರುತ್ತಿದ್ದ ಇಂಗ್ಲಿಷ್ ಶಬ್ದ ಒಂದೇ, ಸೆಟ್. ಆ ಒಂದರಲ್ಲೇ ಅವನು ಇಡೀ ಸಂಸಾರ ನಡೆಸುತ್ತಿದ್ದ. ಹೆಬ್ಬಳ್ಳಿಯ ಒಕ್ಕಲು ಮನೆತನದವನು. ಅಣ್ಣತಮ್ಮಂದಿರಲ್ಲಿ ಹೊಲ ಹಂಚಿ ಹೋಗಿ ಮಡಿಯಷ್ಟಾದ ಮೇಲೆ ಧಾರವಾಡಕ್ಕೆ ಬಂದು ಸೆಂಟ್ರಿಂಗ್ ಕೆಲಸ ಹಿಡಿದ. ಸ್ಲ್ಯಾಬು ಹಾಕುವ ಮುಂಚೆ ಕೆಳಗೆ ಗಳ ನಿಲ್ಲಿಸಿ, ಮೇಲೆ ತಗಡು ಹಾಸಿ, ಹಸಿ ಕಾಂಕ್ರೀಟು ಕಲ್ಲಾಗುವ ತನಕ ಅದನ್ನು ಹೊತ್ತು ನಿಲ್ಲಿಸುವ ಕೆಲಸ. ಲಕಮನಹಳ್ಳಿಯ ನಮ್ಮ ಹಂಚಿನ ಮನೆ ಕೆಡವಿ ಹೊಸದು ಕಟ್ಟಿಸುವಾಗ ಅವನನ್ನು ದಿನವೂ ನೋಡಿದೆ, ಅವನ ಮಾತು ದಿನವೂ ಕೇಳಿದೆ.

ಕಾಂಕ್ರೀಟು ಬಿಗಿದರೆ ಸೆಟ್ ಆಯಿತು. ಹೆಂಡತಿ ದುರ್ಗಾ ಹೆಪ್ಪು ಹಾಕಿದ ಹಾಲು ಮೊಸರಾದರೂ ಸೆಟ್ ಆಯಿತು. ಹಿಂದೆ ಗಳದಿಂದ ಬಿದ್ದು ಭುಜದ ಕೀಲು ತಪ್ಪಿದಾಗ ಊರಿನ ನಾಟಿ ವೈದ್ಯ ಒಂದೇ ಎಳೆತಕ್ಕೆ ಸೆಟ್ ಮಾಡಿದನಂತೆ. ಮದುವೆಯ ಮಾತು ಬಂದರೆ, “ಇಕಿ ಕಾಕಾ ಬಂದು ನನ್ನ ಅಂಗೈ ಗಂಟು ಮುಟ್ಟಿ ನೋಡಿದ. ದುಡಿಯೋ ಕೈ ಅಂದ. ಅವತ್ತ ಸೆಟ್ ಆತ್ರಿ,” ಅನ್ನುತ್ತಿದ್ದ. ಒಮ್ಮೆ ನನ್ನ ಹಲ್ಲು ನೋಡಿ, “ಅವ್ವಾರ, ಈ ಸೆಟ್ ಎಲ್ಲಿ ಮಾಡಿಸಿದ್ರಿ, ಹುಬ್ಬಳ್ಳ್ಯಾಗೇನು?” ಎಂದು ಕೇಳಿದ.

“ನಮ್ಮವ್ವ ಮಾಡಿದ ಸೆಟ್ಟಪಾ ಇದು. ಅಂಗಡೀದಲ್ಲ,” ಅಂದೆ.

ದುರ್ಗಾ ನಕ್ಕು ನಕ್ಕು ಸಾಕಾಗಿ, “ಇವನ ಬಾಯಿಗೊಂದು ಗಳ ಆನಿಸ್ರಿ ಅವ್ವಾರ,” ಅಂದಳು.

ಎಲ್ಲಕ್ಕಿಂತ ದೊಡ್ಡ ಸೆಟ್ ಎಂದರೆ ಅವನ ಆಸ್ತಿ. ಗಳ, ತಗಡು, ಬೆಣೆ ಎಲ್ಲ ಸೇರಿ ಒಂದು ಸೆಟ್. ಒಂದೇ. ಒಬ್ಬರ ಮನೆಯದು ಬಿಚ್ಚಿದರೆ ಮಾತ್ರ ಇನ್ನೊಬ್ಬರ ಮನೆಗೆ. ಗಂಡ ಹೆಂಡಿರ ಜಗಳವೆಲ್ಲ ಅದರದ್ದೇ. ದುರ್ಗಾ ಸ್ಲ್ಯಾಬಿನ ಮೇಲೆ ಮಣ್ಣಿನ ಮಡಿ ಕಟ್ಟಿ ನೀರು ನಿಲ್ಲಿಸುವವಳು. ಸಿಮೆಂಟಿನ ನೀರಡಿಕೆ ತೀರುವ ತನಕ ಗಳ ಮುಟ್ಟಬಾರದು ಎನ್ನುವವಳು. ಅವನು ಗಳಕ್ಕೆ ಕಾದು ಕೂತ ಮುಂದಿನ ಮನೆಯ ಪಾರ್ಟಿಗೆ ಕೊಟ್ಟ ಮಾತು ತಪ್ಪಬಾರದು ಎನ್ನುವವನು.

ಹೋದ ಬೇಸಿಗೆಯ ಆ ದಿನ ಬೆಳಿಗ್ಗೆಯಿಂದಲೇ ಕೇಶ್ವಾಪುರದ ವಿನೋದ ಎನ್ನುವವನ ಫೋನು. ಅವನ ಸ್ಲ್ಯಾಬಿಗೆ ಮುಹೂರ್ತ ತೆಗೆಸಿಯಾಗಿತ್ತು, ಮಿಕ್ಸರ್ ಗಾಡಿ ಹೇಳಿಯಾಗಿತ್ತು. ಗಳ ಮಾತ್ರ ನಮ್ಮ ಸ್ಲ್ಯಾಬಿನ ಕೆಳಗಿದ್ದವು.

“ಒಳಗಿನವು ಇರ್ಲಿ. ಮುಂದಿನ ಗ್ಯಾಲರೀವಷ್ಟ ಬಿಚ್ಚತೇನಿ,” ಅಂದ ಕಲ್ಲೇಶ, ಅಂಗಳದ ಮೇಲೆ ಚಾಚಿದ್ದ ಸ್ಲ್ಯಾಬಿನ ಭಾಗ ತೋರಿಸಿ.

“ಗ್ಯಾಲರಿ ಮುಟ್ಟಬ್ಯಾಡ. ಒಳಗ ನಾಕೂ ಕಡೆ ಗ್ವಾಡಿ ಅದಾವು. ಅದರ ಕೆಳಗ ಏನೈತಿ? ಬರೇ ಗಾಳಿ,” ಅಂದಳು ದುರ್ಗಾ.

“ಸೆಟ್ ಆಗೇತಿ ಬಿಡಲೇ.”

“ನಿನ್ನ ತಲಿ ಸೆಟ್ ಆಗೇತಿ, ಕಲ್ಲಾಗಿ,” ಎಂದು ಅವಳು ನೀರಿನ ಪೈಪು ಹಿಡಿದು ಹಿತ್ತಲ ಏಣಿ ಹತ್ತಿ ಹೋದಳು.

ಗಳ ಕೆಡವುವಾಗ ಆ ಭಾಗದ ಮೇಲೆ ಯಾರೂ ನಿಲ್ಲಬಾರದು. ಅದು ಅವನದೇ ಕಟ್ಟಳೆ. ಅವಳು ಹಿಂದಿನ ಕೋಣೆಯ ಮೇಲಿದ್ದಾಳೆ ಎಂದುಕೊಂಡು ಅವನು ಗ್ಯಾಲರಿಯ ಗಳಗಳನ್ನು ಒಂದೊಂದಾಗಿ ಬಡಿದು ಕೆಡವಿದ. ನಾನು ಅಂಗಳದಲ್ಲಿ ಮೆಂತೆ ಪಲ್ಯೆ ಬಿಡಿಸುತ್ತ ಕೂತಿದ್ದೆ. ಕೊನೆಯದೊಂದು ಗಳ ಉಳಿದಿತ್ತು. ಆಗ ಹಸಿ ಕಬ್ಬು ಮುರಿದಂಥ ಒಂದು ಸಪ್ಪಳ. ಗ್ಯಾಲರಿ ಗೋಡೆಗೆ ಸೇರುವಲ್ಲಿಂದ ಪುಡಿ ಉದುರಿತು. ನನ್ನ ಕಣ್ಣೆದುರೇ ಗ್ಯಾಲರಿಯ ತುದಿ ಒಂದು ಬೆರಳು ಕೆಳಗಿಳಿಯಿತು. ಕಲ್ಲೇಶ ಸುತ್ತಿಗೆ ಬಿಸಾಡಿ ಆ ಗಳವನ್ನು ಎರಡೂ ಕೈಯಿಂದ ಅಪ್ಪಿಕೊಂಡ. ಮೇಲಿಂದ ಸೋರಿದ ನೀರಿಗೆ ನೆಲ ಕೆಸರಾಗಿ ಗಳದ ಬುಡ ಜಾರುತ್ತಿತ್ತು.

ಅದೇ ಹೊತ್ತಿಗೆ ಗ್ಯಾಲರಿಯ ಅಂಚಿನಿಂದ ನೀರು ನನ್ನ ಕಾಲ ಬಳಿ ಸುರಿಯಿತು. ತಲೆ ಎತ್ತಿದೆ. ದುರ್ಗಾಳ ಹಸಿರು ಸೆರಗು. ಅವಳು ಹಿಂದೆ ಇರಲಿಲ್ಲ, ಗ್ಯಾಲರಿಯ ತುದಿಯಲ್ಲೇ ಇದ್ದಳು.

ಕೂಗಲು ಬಾಯಿ ತೆರೆದೆ. ಕಲ್ಲೇಶ ತಲೆ ಅಲ್ಲಾಡಿಸಿದ. “ಕರೀಬ್ಯಾಡ್ರಿ ಅವ್ವಾರ. ಕರದ್ರ ಏನಂತ ಬಗ್ಗಿ ನೋಡಾಕ ಮತ್ತೂ ತುದೀಗೆ ಬರ್ತಾಳ.”

ಖರೇ ಮಾತು. ಕೆಳಗಿನಿಂದ ಯಾರೇ ಕರೆದರೂ ಅಂಚಿಗೆ ಬಂದು ಬಗ್ಗಿ ಉತ್ತರ ಕೊಡುವುದು ಅವಳ ರೂಢಿ.

“ನೀನರ ಹೊರಗ ಬಾರೋ!”

“ನಾ ಬಿಟ್ರ ಗಳ ಜಾರತೈತ್ರಿ.”

ಅವನ ಜೇಬಿನಲ್ಲಿ ಫೋನು ಬಡಿದುಕೊಳ್ಳತೊಡಗಿತು. ಕೇಶ್ವಾಪುರದ್ದೇ ಇರಬೇಕು. ಎತ್ತಲು ಅವನಿಗೆ ಕೈಯಿಲ್ಲ. ಆ ಸಪ್ಪಳಕ್ಕೆ ಅವಳು ಬಗ್ಗಿದರೆ ಏನು ಗತಿ?

ಹಿತ್ತಲಿನಿಂದ ಕರೆಯಬೇಕು ಎಂದು ಹೊಳೆದದ್ದು ಆಗಲೇ. ಮನೆಯ ಪಕ್ಕದ ಸಂದಿಯಲ್ಲಿ ಜಲ್ಲಿ ಖಡಿಯ ರಾಶಿ. ಗೋಡೆ ಹಿಡಿದು, ಮೊಣಕಾಲು ಊರಿ, ಹೇಗೋ ದಾಟಿ ಹಿತ್ತಲು ಮುಟ್ಟಿದೆ. “ದುರ್ಗಾ, ಹಿಂದ ಬಾ ಇಲ್ಲೆ!”

“ತಡೀರಿ, ಇದೊಂದ್ ಮಡಿ ತುಂಬಿಸಿ ಬರ್ತೇನಿ!”

“ಲಗೂ ಬಾರವಾ!”

“ಚಾ ಆರಿದ್ರ ಆರ್ಲಿ ಬಿಡ್ರಿ, ಮತ್ತ ಕಾಸಿದ್ರಾತು!”

ಆ ಮಡಿ ತುಂಬಿದಷ್ಟೂ ಗ್ಯಾಲರಿಗೆ ಭಾರ. ಇದ್ದದ್ದನ್ನು ಹೇಳಿಬಿಟ್ಟರೆ ಅವಳು ಓಡುವುದು ಗಂಡನನ್ನು ನೋಡಲು, ಮತ್ತೆ ಆ ತುದಿಗೇ. ನೀರಿನ ಪೈಪು ನನ್ನ ಕೈಯಳತೆಯಲ್ಲೇ ನಳಕ್ಕೆ ಸಿಕ್ಕಿಸಿತ್ತು. ಎರಡೂ ಕೈಯಿಂದ ಜಗ್ಗಿದೆ. ಬರಲಿಲ್ಲ. ಸೆರಗು ಸುತ್ತಿ ಹಿಡಿದು ಹಿಂದಕ್ಕೆ ಬಿದ್ದಂತೆ ಜಗ್ಗಿದೆ. ಕಿತ್ತು ಬಂತು, ನೀರು ಮೈಮೇಲೆಲ್ಲ ಚಿಮ್ಮಿತು.

“ಯಾರದು ಪೈಪ್ ಕಿತ್ತವ್ರು?” ಎಂದು ಗೊಣಗುತ್ತ ಅವಳು ಇತ್ತ ನಡೆದಳು. ಹಿಂದಿನ ಅಂಚಿಗೆ ಬಂದು ಬಗ್ಗಿದಳು. “ಅಯ್ಯ, ನೀವಾ! ಮೈ ತೊಳಕೊಳ್ಳಾಕ ಬ್ಯಾರೆ ಜಾಗಾ ಸಿಗಲಿಲ್ಲೇನು?”

ಇದ್ದ ಉಸಿರೆಲ್ಲ ಕೂಡಿಸಿ ಕೂಗಿದೆ, “ಕಲ್ಲೇಶಾ, ಬಿಡು! ಇಲ್ಲೆ ಬಂದಾಳ, ಬಿಡು!”

ನೆಲ ನಡುಗಿತು. ಸಂದಿಯ ತುಂಬ ಧೂಳು ನುಗ್ಗಿ ಬಂತು. ದುರ್ಗಾ ಏಣಿ ಇಳಿದಳೋ ಹಾರಿದಳೋ ತಿಳಿಯದು. ನನ್ನ ರಟ್ಟೆ ಹಿಡಿದು, “ಇಂವಾ ಎಲ್ಲಿ ಅದಾನ? ಹೇಳ್ರಿ, ಎಲ್ಲಿ ಅದಾನ?” ಎಂದಳು. ನಾನು ಅಂಗಳದ ಕಡೆ ಕೈ ತೋರಿಸಿದೆ. ಮುಂದಿನ ಧೂಳಿನಲ್ಲಿ ಫೋನು ಬಡಿದುಕೊಳ್ಳುತ್ತಿತ್ತು. ಎತ್ತುವವರಿರಲಿಲ್ಲ.

ಓಡಿದಳು. ನಾನೂ ಗೋಡೆ ಹಿಡಿದು ಬಂದೆ. ಅಂಗಳದಲ್ಲಿ ಗ್ಯಾಲರಿ ಮಗುಚಿ ಬಿದ್ದಿತ್ತು, ಗಳ ಕಡ್ಡಿಯ ಹಾಗೆ ಮುರಿದಿತ್ತು. ಕಲ್ಲೇಶ ರಸ್ತೆಯ ಅಂಚಿನಲ್ಲಿ ಬೋರಲು ಬಿದ್ದಿದ್ದ. ದುರ್ಗಾ ಹೊರಳಿಸಿದಳು. ಕಣ್ಣು ಬಿಟ್ಟ. ಮೊಣಕಾಲಿನ ಚರ್ಮ ಸುಲಿದಿತ್ತು, ಮೈಯೆಲ್ಲ ಬೂದಿ ಬಳಿದಂತಿತ್ತು. ಅವಳು ಅವನ ಕೈಕಾಲು ಒತ್ತೊತ್ತಿ ನೋಡಿದಳು. ಎಲ್ಲ ನೆಟ್ಟಗಿದೆ ಎಂದು ಗೊತ್ತಾದ ಮೇಲೆ ಬೆನ್ನಿಗೊಂದು ಗುದ್ದಿ ಅಳಲು ಶುರುಮಾಡಿದಳು. ಫೋನು ನಿಲ್ಲಲಿಲ್ಲ. ಅವನ ಜೇಬಿನಿಂದ ತಾನೇ ತೆಗೆದು ಕಿವಿಗೆ ಹಿಡಿದಳು.

“ಎಲ್ಲಿ ಸತ್ತೀಲೇ ಕಲ್ಲೇಶಾ?” ಎಂಬ ವಿನೋದನ ದನಿ ನನಗೂ ಕೇಳಿತು.

“ಸಾಯಾಂವ ಇದ್ದ, ಸತ್ತಿಲ್ರಿ,” ಅಂದಳು. “ಗಳ ಬರಂಗಿಲ್ಲ. ಬ್ಯಾರೆ ಮುಹೂರ್ತ ನೋಡ್ರಿ.”

ಗ್ಯಾಲರಿಯನ್ನು ಅವನೇ ಮತ್ತೆ ಹಾಕಿಕೊಟ್ಟ. ಈಗ ನಮ್ಮ ಓಣಿಯಲ್ಲೇ ಇನ್ನೊಂದು ಮನೆಗೆ ಅವರದೇ ಸೆಂಟ್ರಿಂಗ್. ಮೊನ್ನೆ ಆ ಮನೆಯವರು ಗಳ ಯಾವಾಗ ಬಿಚ್ಚುತ್ತೀ ಎಂದು ಅವನನ್ನು ಜೋರು ಮಾಡುತ್ತಿದ್ದರು. ಅವನು ಕೆಳಗೆ ಕೂತು ಬೀಡಿ ಹಚ್ಚುತ್ತ, “ನನ್ನ ಕೇಳಬ್ಯಾಡ್ರಿ. ಮ್ಯಾಲಿನಾಕಿನ್ನ ಕೇಳ್ರಿ,” ಅಂದ. ಅವರು ತಲೆ ಎತ್ತಿ ಕರೆದು ಅದನ್ನೇ ಕೇಳಿದರು. ಅವಳು ಅಂಚಿಗೆ ಬರಲಿಲ್ಲ, ನಡುವಿನಿಂದಲೇ ಓಗೊಟ್ಟಳು, “ಇನ್ನೂ ಇಲ್ರಿ!”