ದಾಯಾದಿಗೆ ಮೊದಲ ಆರತಿ

ನಮ್ಮೂರ ದರ್ಜಿಯ ಬಲಗಿವಿಯ ಮೇಲೆ ಸದಾ ನೀಲಿ ಚಾಕ್‌ಪೀಸಿನ ತುಂಡು. ಕಿವಿಯ ತುದಿಯೂ ನೀಲಿಯೇ. ಕಾನ್ವೆಂಟಿನಲ್ಲಿ ಓದಿ ತೆಲಸಂಗಕ್ಕೆ ಸೊಸೆಯಾಗಿ ಬಂದ ನನ್ನ ಗೌನುಗಳ ಹೊಲಿಗೆ ಬಿಚ್ಚಿ ರವಿಕೆ ಮಾಡಿಕೊಟ್ಟವರು ಅವರು. "ಇಂಗ್ಲಿಷ್ ಬಟ್ಟಿಗೂ ಕನ್ನಡ ಹೊಲಿಗಿ ಬೀಳತೈತ್ರಿ ಅಕ್ಕಾರ," ಎಂದು ನಕ್ಕಿದ್ದರು.

ಊರಿನ ದೊಡ್ಡಾಟದಲ್ಲಿ ರಾಜನ ಪಾತ್ರ ನಮ್ಮ ಮನೆತನದ್ದು. ಸಿಂಹಾಸನ ತನ್ನದೆಂದು ಬಂದು, ಸೆರೆಸಿಕ್ಕಿ, ತಲೆ ಕಳೆದುಕೊಳ್ಳುವ ದಾಯಾದಿಯ ಪಾತ್ರ ಮಾತ್ರ ಊರ ಹೊರಗಿನ ಬುದ್ಧವಿಹಾರದ ಓಣಿಯ ಈ ದರ್ಜಿಗೆ. ರಾಜನ ಜರಿ ಅಂಗಿ ಹೊಲಿಯುತ್ತಿದ್ದವರೂ ಅವರೇ, ಕೊನೆಗೆ ರಾಜನ ಪಾದಕ್ಕೆ ತಲೆ ಬಾಗಿಸಿ ಕತ್ತಿಗೆ ಕೊರಳೊಡ್ಡುತ್ತಿದ್ದವರೂ ಅವರೇ. ಆಟ ಮುಗಿದ ಮೇಲೆ ಪಾತ್ರಧಾರಿಗಳಿಗೆಲ್ಲ ಆರತಿ, ಸತ್ತವನಿಗೆ ಇಲ್ಲ. ಅವನು ಪರದೆಯ ಹಿಂದೆ ಬಣ್ಣ ಒರೆಸಿಕೊಂಡು ಮನೆಗೆ ಹೋಗಬೇಕು. ದಟ್ ವಾಸ್ ದ ಕಸ್ಟಮ್, ಅಷ್ಟೇ.

ಆರು ವರ್ಷದ ಹಿಂದೆ, ಮರೆಯಲ್ಲಿ ಕೂತು ಮಾತು ಹೇಳಿಕೊಡುವ ಪ್ರಾಂಪ್ಟರ್ ಮಾಸ್ತರರಿಗೆ ಕಣ್ಣಿನ ಆಪರೇಷನ್ ಆಗಿ, ಆಟದ ಪುಸ್ತಕ ನನ್ನ ಕೈಗೆ ಬಂತು. ಬಣ್ಣ ಹಚ್ಚಿಕೊಳ್ಳುತ್ತ ದರ್ಜಿ ಮೆಲ್ಲಗೆ ಹೇಳಿದರು: "ಮೊಮ್ಮಗಳು ಕೇಳ್ಯಾಳ್ರಿ, ಅಜ್ಜಾ, ಪ್ರತಿ ಸಲಾನೂ ನೀನ ಯಾಕ ಕಾಲಿಗೆ ಬೀಳ್ತಿ ಅಂತ. ಇವತ್ತ ಮುಂದ ಕುಂತಾಳ."

ಬೇಡಿ ತೊಡಿಸಿಕೊಂಡು ವೇದಿಕೆಗೆ ಬಂದವರು ಮಂಡಿಯೂರಲೇ ಇಲ್ಲ. "ತಲಿ ತಗೋ ಅಣ್ಣಾ! ಬಾಗಸೂದು ಆಗೂದಿಲ್ಲ!"

ರಾಜನಾಗಿದ್ದ ನನ್ನ ಮೈದುನ ಬೆವೆತು ನನ್ನತ್ತ ತಿರುಗಿದ. "ವೈನಿ, ಬಾಗು ಅಂತ ಹೇಳ್ರಿ ಅವಗ!"

ಪುಸ್ತಕದಲ್ಲಿ ಬಾಗಬೇಕೆಂದೇ ಇತ್ತು. ನಾನು ಸಿಸ್ಟರ್‌ಗಳು ಬೆಳೆಸಿದ ಒಬೀಡಿಯಂಟ್ ಗರ್ಲ್. ತೊಂಬತ್ತರ ಮಾವನವರು ಎದುರಿಗೇ ಕೂತಿದ್ದರು. ಪುಸ್ತಕ ಮುಚ್ಚಿಬಿಟ್ಟೆ.

ಮೈದುನ ನಿಂತವರ ಮೇಲೆಯೇ ಕತ್ತಿ ಬೀಸಬೇಕಾಯಿತು. ದರ್ಜಿ ಮುಖ ಮೇಲಾಗಿ, ಮರ ಬಿದ್ದ ಹಾಗೆ ಬಿದ್ದರು. ಆರತಿ ತಟ್ಟೆ ಬಂದಾಗ ಆಟ ನೋಡುತ್ತಿದ್ದ ಹೆಂಗಸರು ಎದ್ದು ನಿಂತರು: "ಸತ್ತಾವನ್ನ ಮೊದಲ ಕರೀರಿ! ಇಲ್ಲಂದ್ರ ಆರತಿ ಮುಂದ ಸರಿಯೂದಿಲ್ಲ!" ಅರೆಬಣ್ಣದ ಮುಖದಲ್ಲಿ ದರ್ಜಿ ಹೊರಬಂದಾಗ ಮೊಮ್ಮಗಳ ಸೀಟಿ ದೂರದ ಅಥಣಿಗೂ ಕೇಳಿಸಿರಬೇಕು! ಅಂದಿನಿಂದ ಮೊದಲ ಆರತಿ ದಾಯಾದಿಗೇ. ಹಿರಿಯರಿಗೆ 'ಆಗುವುದಿಲ್ಲ' ಅನ್ನುವುದನ್ನು ನಾನು ದರ್ಜಿಯಿಂದ ಕಲಿತೆ, ಅದೂ ಅರವತ್ತು ದಾಟಿದ ಮೇಲೆ.

ಹೋದ ಶ್ರಾವಣದಲ್ಲಿ ದರ್ಜಿ ತೀರಿಕೊಂಡರು. ಅವರ ಓಣಿಗೆ ಎಂದೂ ಕಾಲಿಡದ ಮೈದುನ ನನ್ನ ಜೊತೆ ಬಂದು ಹೆಗಲು ಕೊಟ್ಟ. ಶವ ಎತ್ತುವಾಗ, ಆಟದಲ್ಲಿ ರಾಜನಿಗೆ ಕೂಗುವ ಹಾಗೆ, ಯಾರೋ ದನಿಯೆತ್ತಿ ಕೂಗಿದರು: "ಮಹಾರಾಜರಿಗೆ ಜಯವಾಗಲಿ!" ತಿರುಗಿ ನೋಡಿದೆ. ಕೂಗಿದವನು ನನ್ನ ಮೈದುನನೇ.