ಬಿಚ್ಚಿಡುವ ಕ್ಲಿಪ್ಪು

ನಮ್ಮ ಮನೆಯಲ್ಲಿ ಏಟು ಬೀಳುವುದು ಬಾಯಿಗೆ. ಬೆನ್ನಿಗಲ್ಲ, ಕೆನ್ನೆಗಲ್ಲ. ಎದುರು ಮಾತಾಡಿದ್ದು ಬಾಯಿ ತಾನೇ, ಶಿಕ್ಷೆಯೂ ಅದಕ್ಕೇ ಆಗಲಿ ಅನ್ನುವುದು ಪೂರಿಗಾಲಿಯ ತವರುಮನೆಯಲ್ಲಿ ನಮ್ಮವ್ವನ ನ್ಯಾಯ. ನನಗೆ ಹನ್ನೊಂದು ವರ್ಷವಿದ್ದಾಗ, ತಿರುವುತ್ತಿದ್ದ ಮುದ್ದೆ ಕೋಲನ್ನೇ ಎತ್ತಿ ಬಾರಿಸಿದ್ದಳು. ಬಿಸಿ ಹಿಟ್ಟು ಮೂಗಿಗೆ ಅಂಟಿತು, ತುಟಿ ಸೀಳಿತು, ಮುಂದಿನ ಹಲ್ಲಿನ ಚೂರೊಂದು ಅನ್ನದ ಕಲ್ಲಿನ ಹಾಗೆ ನಾಲಿಗೆಗೆ ಸಿಕ್ಕಿತು. ಹಿತ್ತಲಿಗೆ ಹೋಗಿ ರಕ್ತ ಉಗಿದು ಬಂದು ಅದೇ ಮುದ್ದೆ ಉಂಡೆ. ಓಡುವ ಹಾಗಿರಲಿಲ್ಲ. ಓಡಿದರೆ ಎರಡು ಏಟು, ನಿಂತರೆ ಒಂದು. ತುಟಿ ಬಿಗಿದುಕೊಂಡು ನಿಂತರೆ ಹಲ್ಲು ಉಳಿಯುತ್ತದೆ ಎಂದು ಕಲಿಸಿದವಳೂ ಅವಳೇ.

ಈಗ ಮದ್ದೂರಿನ ನನ್ನ ಮನೆಯಲ್ಲಿ ಆ ಕೋಲಿನ ಕೆಲಸವನ್ನು ನನ್ನ ಬಲಗೈ ಮಾಡುತ್ತದೆ. ನನ್ನದು ಮೂಗಿನ ತುದಿಯ ಕೋಪ, ಬಚ್ಚಿಟ್ಟು ಏನಾಗಬೇಕು? ಮಗಳು ಹತ್ತನೇ ಕ್ಲಾಸು. ಅವಳ ಮೇಲಿನ ಹಲ್ಲುಗಳು ಒಂದರ ಮೇಲೊಂದು ಹತ್ತಿ ಕೂತಿದ್ದವು. ನಾನು ಹೊಡೆದಾಗಲೆಲ್ಲ ಕೋರೆಹಲ್ಲು ಒಳತುಟಿಗೆ ನೆಟ್ಟು ರಕ್ತ ಬರುತ್ತಿತ್ತು. ರಕ್ತ ಬಂದದ್ದಕ್ಕೂ ಬೈಯುತ್ತಿದ್ದೆ, ಎಂಥಾ ಹಲ್ಲೇ ನಿಂದು ಅಂತ. ಕೊನೆಗೆ ಸರಿಮಾಡಿಸಿಬಿಡೋಣವೆಂದು ಮಂಡ್ಯದ ಹಲ್ಲಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ.

ಡಾಕ್ಟರು ಹೆಂಗಸು, ಮೆಲುಮಾತು. ಮೇಜಿನ ಮೇಲೆ ಎರಡು ಮಾದರಿ ಇಟ್ಟರು. ಒಂದು ತಂತಿ ಹಾಕಿದ ಲೋಹದ ಕ್ಲಿಪ್ಪು, ಹಲ್ಲಿಗೆ ಅಂಟಿಸಿದರೆ ಕೆಲಸ ಮುಗಿಯುವವರೆಗೂ ಅಲ್ಲೇ. ಇನ್ನೊಂದು ಗಾಜಿನಂತೆ ಕಾಣುವ ಪ್ಲಾಸ್ಟಿಕ್ಕು, ಅಲೈನರ್ ಅಂತೆ. ಹಗಲೂ ರಾತ್ರಿ ಹಾಕಿಕೊಂಡಿರಬೇಕು, ತಿನ್ನುವಾಗ ಮಾತ್ರ ತೆಗೆದು ಡಬ್ಬಿಯಲ್ಲಿಡಬೇಕು.

ನಾನು ಯೋಚನೆಯನ್ನೇ ಮಾಡಲಿಲ್ಲ. "ತಂತೀದೇ ಆಕ್ಬುಡಿ ಡಾಕ್ಟ್ರೇ. ಬಿಚ್ಚೋದು ಕೊಟ್ರೆ ಇವ್ಳು ಎಲ್ಲಾದ್ರೂ ಕಳ್ಕಂಡು ಬತ್ತಾಳೆ."

"ಹಾಕಬಹುದು. ಕಬ್ಬು, ಮೂಳೆ ಕಡಿಯೋ ಹಾಗಿಲ್ಲ ಅಷ್ಟೆ," ಎಂದು ಅವರು ಮಗಳ ಕಡೆ ತಿರುಗಿದರು. "ಕಬಡ್ಡಿ ಗಿಬಡ್ಡಿ ಆಡ್ತೀಯೇನಮ್ಮಾ? ಬಾಯಿಗೆ ಜೋರಾಗಿ ಪೆಟ್ಟು ಬಿದ್ರೆ ತಂತಿ ಒಳತುಟಿನ ಹರಿದುಬಿಡುತ್ತೆ."

"ಆಟ ಆಡಲ್ಲ," ಅಂದಳು ಮಗಳು. "ಆದ್ರೆ ಬಾಯಿಗೆ ಏಟು ಬೀಳ್ತದೆ."

ಡಾಕ್ಟರು ಕೈಯಲ್ಲಿದ್ದುದನ್ನು ಕೆಳಗಿಟ್ಟರು. "ಯಾರು ಹೊಡೀತಾರೆ?"

ಅವಳು ಮೇಜಿನ ಮೇಲಿದ್ದ ಮಾದರಿಗಳನ್ನೇ ನೋಡಿದಳು. ನಾನೇ ಬಾಯಿ ಹಾಕಿದೆ. "ಬಸ್ಸಲ್ಲಿ ನೂಕುನುಗ್ಗಲು ನೋಡಿ, ಕಂಬಿ ತಗಲ್ತದೆ." ಡಾಕ್ಟರು ನನ್ನ ಮುರಿದ ಹಲ್ಲನ್ನೇ ಒಂದು ಗಳಿಗೆ ನೋಡಿದರು. ನಾನು ಸೆರಗನ್ನು ಬಾಯಿಗೆ ಅಡ್ಡ ತಂದುಕೊಂಡೆ.

"ನಿನಗೆ ಯಾವುದು ಬೇಕು?" ಎಂದು ಅವರು ಕೇಳಿದ್ದು ಮಗಳನ್ನು. ಅವಳು ಪ್ಲಾಸ್ಟಿಕ್ಕನ್ನು ಮುಟ್ಟಿ ತೋರಿಸಿದಳು.

ವಾಪಸ್ ಬರುವ ಬಸ್ಸಿನಲ್ಲಿ ಅವಳ ತೊಡೆ ಹಿಡಿದು ಚರ್ಮ ತಿರುಚಿದೆ. ಉಗುರು ಒಳಗಿಳಿಯುವವರೆಗೂ ಬಿಡಲಿಲ್ಲ. "ನನ್ ಮಾನ ಕಳೀಬೇಕು ಅಂತ್ಲೇ ಬಂದಿದ್ದೇನೇ?" ಎಂದು ಹಲ್ಲು ಕಚ್ಚಿಕೊಂಡು ಕೇಳಿದೆ. ಅವಳು ಕಿಟಕಿಯ ಕಡೆ ಮುಖ ಮಾಡಿ ಮದ್ದೂರು ಬರುವವರೆಗೂ ಹೊರಗೇ ನೋಡುತ್ತಿದ್ದಳು. ಹುಡುಗಿಗೆ ಶೋಕಿ, ಸ್ಕೂಲಿನಲ್ಲಿ ಯಾರಿಗೂ ಕಾಣಬಾರದೆಂದು ಅದನ್ನು ಆರಿಸಿದ್ದಾಳೆ ಅಂದುಕೊಂಡೆ.

ಅಲೈನರ್ ಬಂದು ಮೂರು ವಾರವಾಗಿತ್ತು. ಒಂದು ಸಂಜೆ ಅವಳು ಮೊಬೈಲು ಹಿಡಿದು ನಿಂತು ಹಾಲು ಉಕ್ಕಿಸಿದಳು. ನಾನು ಕೂಗಾಡಿದೆ. "ನೀನೂ ನಿನ್ನೆ ಉಕ್ಕಿಸಿದ್ಯಲ್ಲಮ್ಮ," ಅಂದಳು. ನಿಜವೇ. ನಿಜ ಅಂತಲೇ ಮೈಯೆಲ್ಲ ಉರಿದು ನನ್ನ ಕೈ ಮೇಲೆದ್ದಿತು.

"ತಡಿ," ಅಂದಳು.

ಪಕ್ಕಕ್ಕೆ ತಿರುಗಿ ಬಾಯೊಳಗೆ ಬೆರಳು ಹಾಕಿ ಮೇಲಿನದನ್ನು ತೆಗೆದಳು, ಆಮೇಲೆ ಕೆಳಗಿನದನ್ನು. ನಲ್ಲಿಯಲ್ಲಿ ತೊಳೆದಳು. ನೀಲಿ ಡಬ್ಬಿಯಲ್ಲಿಟ್ಟು ಮುಚ್ಚಳ ಒತ್ತಿ, ಡಬ್ಬಿಯನ್ನು ಫ್ರಿಡ್ಜಿನ ಮೇಲಿಟ್ಟಳು. ಊಟಕ್ಕೆ ಕೂರುವ ಮುಂಚೆ ದಿನವೂ ಮಾಡುವ ಹಾಗೆಯೇ, ಅವಸರವಿಲ್ಲದೆ. ಕೈ ಒರೆಸಿಕೊಂಡು ಮೊದಲು ನಿಂತಿದ್ದ ಜಾಗಕ್ಕೇ ವಾಪಸ್ ಬಂದಳು.

"ಊಂ, ಈಗ ಒಡಿ," ಎಂದು ತುಟಿ ಬಿಗಿದುಕೊಂಡು ನಿಂತಳು. ತುಟಿ ಹಾಗೆ ಬಿಗಿಯುವುದನ್ನು ಅವಳಿಗೆ ಕಲಿಸಿದವಳು ನಾನೇ.

ಮಂಡ್ಯದಲ್ಲಿ ಅವಳು ಯಾಕೆ ಪ್ಲಾಸ್ಟಿಕ್ಕು ಮುಟ್ಟಿದಳೆಂದು ಆಗ ತಿಳಿಯಿತು. ಎರಡರಲ್ಲಿ ಏಟಿಗೆ ಮುಂಚೆ ಬಿಚ್ಚಿಡಬಹುದಾದದ್ದು ಅದೊಂದೇ. ಎತ್ತಿದ ಕೈಯನ್ನು ನೋಡಿ ನನಗೇ ಅಸಹ್ಯವಾಯಿತು, ಇಳಿಸಿದೆ. "ಒಡಿಯಲ್ಲ ಕಣವ್ವ, ಆಕ್ಕೋ," ಅಂದೆ.

ಅವಳು ಅಲುಗಾಡಲಿಲ್ಲ. ನನ್ನ ಬಲಗೈಯನ್ನೇ ನೋಡುತ್ತಾ ನಿಂತಿದ್ದಳು. ನಾನು ಅಡುಗೆಮನೆ ಬಿಟ್ಟು ಹೊರಗೆ ಹೋಗಿ ಜಗಲಿಯಲ್ಲಿ ಕೂತ ಮೇಲೇ ಡಬ್ಬಿಯ ಮುಚ್ಚಳ ತೆರೆದ ಸದ್ದು ಕೇಳಿಸಿದ್ದು.