ಬಟಾಟೆಯ ಕಿವಿ

ಮಗಳ ಬಲಗಿವಿಗೆ ಬಿದ್ದ ಖರ್ಚು ಒಂದು ಹೊಸ ಟೆಂಪೋ. ಜೊತೆಗೆ ಅವಳದೇ ಪಕ್ಕೆಲುಬಿನಿಂದ ತೆಗೆದ ಮೆದು ಎಲುಬು. ಟೆಂಪೋಗೆಂದು ಕೂಡಿಟ್ಟದ್ದನ್ನು ನಾನು ಆಸ್ಪತ್ರೆಗೆ ಕಟ್ಟಿದೆ, ಎಲುಬನ್ನು ಅವಳು ಕೊಟ್ಟಳು. ಹುಟ್ಟುವಾಗ ಆ ಕಡೆ ಕಡಲೆಯಷ್ಟು ಮಾಂಸ ಬಿಟ್ಟರೆ ಏನೂ ಇರಲಿಲ್ಲ.

ಇವತ್ತು ಬೆಳಿಗ್ಗೆ ಕೋಪರಖೈರಣೆಯ ನಮ್ಮ ಅಡುಗೆಮನೆಯಲ್ಲಿ ಹೆಂಡತಿ ಬಟಾಟೆ ಹೆಚ್ಚುವಾಗ ಒಂದು ಹೋಳು ಕಿವಿಯ ಹಾಗೆಯೇ ಬಾಗಿ ಬಿತ್ತು. ಇಬ್ಬರೂ ನಕ್ಕೆವು. ಯಾಕೆ ಅಂತೀರಾ, ಹೇಳುತ್ತೇನೆ.

ನನ್ನದು ಬಟಾಟೆಯ ಸಗಟು ವ್ಯಾಪಾರ. ಚೀಲದಿಂದ ಒಂದನ್ನು ತೆಗೆದು ಕೊಯ್ದು ನೋಡದೆ ಮಾಲು ಎತ್ತುವವನಲ್ಲ. ಮಗಳಿಗೆ ಆರು ತುಂಬಿದಾಗಲೇ ಠಾಣೆ ಶಹರದ ಡಾಕ್ಟರ ಬಳಿ ಚೌಕಾಸಿಗೆ ಕೂತಿದ್ದೆ. ಎರಡು ಆಪರೇಷನ್ ಯಾಕೆ, ಒಂದರಲ್ಲೇ ಮುಗಿಸಿ, ಈ ವರ್ಷವೇ ಮಾಡಿ ಎಂದೆ. ಎದೆಗೂಡು ಬೆಳೆಯಬೇಕು, ಹತ್ತಾಗಲಿ ಎಂದರು. ಅಲ್ಲಿ ನನ್ನ ಬೇಳೆ ಬೇಯಲಿಲ್ಲ. ಹತ್ತಾಗುವಷ್ಟರಲ್ಲಿ ಹುಡುಗಿಯೇ ಬೇಡವೆಂದು ಕೂತಳು. ಕೂದಲನ್ನು ಬಲಗಡೆಗೆ ಇಳಿಬಿಟ್ಟು, ಗಾಳಿ ಬಂದರೆ ಅಂಗೈ ಒತ್ತಿಕೊಂಡು ಓಡಾಡುವವಳು. ಅವಳು ಒಪ್ಪದೆ ಚಾಕು ಎತ್ತುವುದಿಲ್ಲ ಎಂದು ಡಾಕ್ಟರೂ ಹಟ ಹಿಡಿದರು.

ಕೊನೆಗೆ ಹೆಂಡತಿಯನ್ನೂ ಮಗಳನ್ನೂ ಕರೆದುಕೊಂಡು, ಚೀಲದಲ್ಲಿ ಎರಡು ಬಟಾಟೆ ಹಾಕಿಕೊಂಡು ಹೋದೆ. ಮೇಜಿನ ಮೇಲಿಟ್ಟು ಕಿವಿಯ ಸ್ಯಾಂಪಲ್ ಕೆತ್ತಿ ತೋರಿಸಿ ಎಂದೆ. ಹೆಂಡತಿ ನನ್ನ ತೊಡೆ ಚಿವುಟಿದಳು.

“ಡಾಕ್ಟ್ರ ಹತ್ರವೂ ಬಟಾಟೆ ವ್ಯಾಪಾರವಾ? ನಿಮ್ಗೆ ಮಂಡೆ ಸಮ ಉಂಟಾ ಮಾರಾಯ್ರೆ?”

ಡಾಕ್ಟರು ಮಾತ್ರ ನಗಲಿಲ್ಲ. ಮಗಳ ಎಡಗಿವಿಗೆ ತೆಳು ಪ್ಲಾಸ್ಟಿಕ್ ಹಾಳೆ ಹಿಡಿದು ಗೆರೆ ಎಳೆದುಕೊಂಡರು. ಹಾಳೆಯನ್ನು ಮಗುಚಿ ಬಟಾಟೆಯ ಹೋಳಿನ ಮೇಲಿಟ್ಟು ಕೆತ್ತತೊಡಗಿದರು. ಎಲುಬನ್ನೂ ಹೀಗೆಯೇ ಕೆತ್ತಿ ಚರ್ಮದ ಕೆಳಗೆ ಕೂರಿಸುವುದಂತೆ. ಮಗಳು ಕುರ್ಚಿಯನ್ನು ಹತ್ತಿರ ಎಳೆದುಕೊಂಡಳು. ಕೆತ್ತಿ ಮುಗಿದದ್ದೇ, ಯಾರೆದುರೂ ಎತ್ತದ ಕೂದಲನ್ನು ತಾನೇ ಎತ್ತಿ, ಬಟಾಟೆಯ ಕಿವಿಯನ್ನು ಬಲಗಡೆ ಹಿಡಿದು ಕನ್ನಡಿಯಲ್ಲಿ ಬಹಳ ಹೊತ್ತು ನೋಡಿದಳು.

“ಥೋಡಾ ಛೋಟಾ ಹೈ, ಅಂಕಲ್,” ಅಂದಳು.

ಸ್ವಲ್ಪ ಚಿಕ್ಕದಾಯಿತಂತೆ. ಹೆಂಡತಿಯ ಮುಖ ಬಾಡಿತು. ನನ್ನ ಎದೆ ಹಗುರಾಯಿತು. ಕೊಳ್ಳದವನು ಚೆನ್ನಾಗಿದೆ ಎಂದು ಹೊಗಳಿ ಮುಂದಿನ ಅಂಗಡಿಗೆ ಹೋಗುತ್ತಾನೆ. ಮಾಲಿನಲ್ಲಿ ಹುಳುಕು ಹುಡುಕುವವನೇ ಗಿರಾಕಿ. ಇಷ್ಟು ವರ್ಷ ಅಂಗಡಿಯ ಗದ್ದಿಗೆಯಲ್ಲಿ ಕೂತು ನಾನು ಕಲಿತದ್ದು ಅದೊಂದೇ. ಡಾಕ್ಟರು ಎರಡನೆಯ ಬಟಾಟೆ ಎತ್ತಿಕೊಂಡರು.

ಎರಡೂ ಆಪರೇಷನ್ ಮುಗಿದು ವರ್ಷಗಳಾದವು. ಈಗ ಅವಳಿಗೆ ಇಪ್ಪತ್ತು. ಇವತ್ತೂ ತುರುಬು ಎತ್ತಿ ಕಟ್ಟಿ ಘಣಸೋಲಿಯ ಆಫೀಸಿಗೆ ಹೊರಟಳು. ಬಾಗಿಲಲ್ಲಿ ನನ್ನ ಕಣ್ಣಿಗೆ ಬಿದ್ದದ್ದು ಕಿವಿಯಲ್ಲ, ಅವಳು ಮರೆತ ಊಟದ ಡಬ್ಬಿ.

ನಿಮ್ಮಲ್ಲೂ ಇಂಥ ಮಗುವಿದ್ದರೆ ಅವಸರ ಬೇಡ. ಇದು ನೋಡಲಿಕ್ಕೆ ಮಾಡುವ ಕಿವಿ. ಕೇಳಿಸುವ ವಿಚಾರವನ್ನು ಬೇರೆಯಾಗಿ ಕೇಳಿಕೊಳ್ಳಿ. ಕಿವಿಗಿಂತ ಎಲುಬು ತೆಗೆದ ಎದೆ ಹೆಚ್ಚು ನೋಯುತ್ತದೆಂದು ಮಗುವಿಗೆ ಮೊದಲೇ ಹೇಳಿಡಿ. ಡಾಕ್ಟರು ಹಿಂದೆ ಮಾಡಿದ ಕಿವಿಗಳ ಫೋಟೋ ಕೇಳಿ, ನಾಚಬೇಡಿ. ಮಗು ಹುಳುಕು ತೆಗೆದರೆ ಬಾಯಿ ಮುಚ್ಚಿಸಬೇಡಿ. ಬಟಾಟೆ ಎರಡು ಒಯ್ಯಿರಿ.